ಕಡಿಮೆ ಅಂಕದವರೇ ಗೆಲ್ಲುವ ಮೂರು ಇಸ್ಪೀಟಾಟಗಳು: ಮನೆಮಂದಿಗೆ ಯಾವುದು ಹೊಂದುತ್ತದೆ?

ಅಂಕ ಕಡಿಮೆಯಾದಷ್ಟೂ ಗೆಲುವು ಹತ್ತಿರವಾಗುವ ಇಸ್ಪೀಟಾಟಗಳಲ್ಲಿ ನಮ್ಮ ಮನೆಯಲ್ಲಿ ನಡೆಯುವವು ಮೂರು: 101ರ ರಮ್ಮಿ, ಹಾರ್ಟ್ಸ್ ಮತ್ತು ಲೀಸ್ಟ್ ಕೌಂಟ್. ಎಂಟು ವರ್ಷದ ಮಗಳಿಂದ ಹಿಡಿದು ಎಪ್ಪತ್ತು ದಾಟಿದ ಅತ್ತೆಯವರೆಗೆ ಎಲ್ಲರೂ ಕೂರುವ ರಜೆಯ ಸಂಜೆಗಳಲ್ಲಿ ಮೂರನ್ನೂ ಆಡಿ ನೋಡಿದ ಮೇಲೆ, ಹಣ ಕಟ್ಟದೆ ಆಡುವ ಕುಟುಂಬಕ್ಕೆ ಲೀಸ್ಟ್ ಕೌಂಟೇ ಮೇಲು ಎಂಬ ತೀರ್ಮಾನಕ್ಕೆ ಬಂದಿದ್ದೇನೆ.

ಆಟದ ಆಳದಲ್ಲಿ ರಮ್ಮಿಗೆ ಸಾಟಿಯಿಲ್ಲ. ಯಾರು ಯಾವ ಎಲೆ ಎತ್ತಿದರು, ಯಾವುದನ್ನು ಬಿಟ್ಟರು ಎಂಬುದನ್ನು ನೆನಪಿಟ್ಟುಕೊಂಡೇ 13 ಎಲೆಗಳನ್ನು ಜೋಡಿಸಬೇಕು. ಇದು ಮುಖ್ಯವಾಗಿ ಕೌಶಲದ ಆಟವೆಂದು 1968ರಲ್ಲಿ ಸುಪ್ರೀಂ ಕೋರ್ಟ್ ಹೇಳಿದಾಗ ಕೊಟ್ಟ ಕಾರಣವೂ ಇದೇ. ಕೈ ಕೆಟ್ಟಿದ್ದರೆ ಮೊದಲ ಸರದಿಯಲ್ಲೇ 20 ಅಂಕ ಬರೆಸಿಕೊಂಡು ಡ್ರಾಪ್ ಮಾಡಬಹುದು, ಅಂದರೆ ಆ ಕೈಯನ್ನು ಆಡದೆ ಬಿಡಬಹುದು, ಐದು ಬಾರಿ ಹಾಗೆ ಮಾಡಿದರೂ ಅಂಕ 100ಕ್ಕೇ ನಿಲ್ಲುವುದರಿಂದ ಆಟದಲ್ಲಿ ಉಳಿಯಬಹುದು. ಆದರೆ ಹೊಸಬರ ಮೇಲೆ ರಮ್ಮಿಗೆ ಕರುಣೆಯಿಲ್ಲ. ಒಮ್ಮೆ ಮಗಳ ಕೈಯಲ್ಲಿ ಮೂರು ರಾಜ, ಮೂರು ರಾಣಿ, ಮೂರು ಒಂಬತ್ತು ಕೂಡಿದ್ದವು. ಜೋಕರ್ ಇಲ್ಲದ ಸೀಕ್ವೆನ್ಸ್ (ಒಂದೇ ಜಾತಿಯ, ಒಂದರ ನಂತರ ಒಂದು ಬರುವ ಎಲೆಗಳ ಸಾಲು), ಅಂದರೆ ಲೈಫ್, ಆಗಿರಲಿಲ್ಲವಾದ್ದರಿಂದ ಎಲ್ಲ ಎಲೆಗಳೂ ಲೆಕ್ಕಕ್ಕೆ ಬಂದು, ಗರಿಷ್ಠ ಮಿತಿಯಾದ 80 ಅಂಕವನ್ನೇ ಬರೆಯಬೇಕಾಯಿತು. 101 ಮುಟ್ಟಿದವರು ಹೊರಗೆ ಕೂರಬೇಕಾದ್ದರಿಂದ ಮೊದಲು ಬೇಸರಪಡುವವರು ಮಕ್ಕಳೇ.

ಹಾರ್ಟ್ಸ್‌ನಲ್ಲಿ ಗೆದ್ದ ಸುತ್ತುಗಳಲ್ಲಿ ಬಂದ ಪ್ರತಿ ಆಟೀನ್ ಎಲೆಗೆ 1, ಇಸ್ಪೀಟ್ ರಾಣಿಗೆ 13, ಒಟ್ಟು 26 ಅಂಕ ಯಾರ ತಲೆಗಾದರೂ ಕಟ್ಟಲೇಬೇಕು. ತುರುಪಿನಾಟದಲ್ಲಿ ಪಳಗಿದ ಅತ್ತೆಗೆ ದೊಡ್ಡ ಎಲೆ ಇಟ್ಟುಕೊಂಡೂ ಸುತ್ತನ್ನು ಬಿಟ್ಟುಕೊಡುವುದು ಹಿಡಿಸಲಿಲ್ಲ. ನಾಲ್ವರಿಗೆ ಇದು ಸೊಗಸಾದ ಆಟ, ಆದರೆ ಮೂವರು ಅಥವಾ ಐವರಾದರೆ ಕಟ್ಟಿನಿಂದ ಎಲೆ ತೆಗೆಯಬೇಕಾಗುತ್ತದೆ.

ಲೀಸ್ಟ್ ಕೌಂಟ್‌ಗೆ ಇಂಥ ಬಿಗಿಯಿಲ್ಲ. ನಾವು ಆಡುವ ಕ್ರಮದಲ್ಲಿ ತಲಾ ಏಳು ಎಲೆ. ಎಕ್ಕಕ್ಕೆ 1, ಚಿತ್ರದ ಎಲೆಗಳಿಗೆ 10, ಜೋಕರಿಗೆ ಸೊನ್ನೆ. ಸರದಿ ಬಂದಾಗ ಒಂದು ಎಲೆಯನ್ನೋ ಒಂದೇ ಸಂಖ್ಯೆಯ ಹಲವು ಎಲೆಗಳನ್ನೋ ಇಳಿಸಿ ಒಂದನ್ನು ಎತ್ತಬೇಕು. ಮೇಲಿರುವ ಎಲೆಗೆ ಸಮನಾದದ್ದನ್ನೇ ಇಳಿಸಿದರೆ ಎತ್ತಬೇಕಾಗಿಲ್ಲ. ತನ್ನ ಮೊತ್ತವೇ ಎಲ್ಲರಿಗಿಂತ ಕಡಿಮೆ ಎನಿಸಿದವರು ಶೋ ಹೇಳಿ ಎಲ್ಲರ ಎಲೆಗಳನ್ನು ತೋರಿಸಲು ಕರೆಯುತ್ತಾರೆ, ಎಣಿಕೆ ತಪ್ಪಿದರೆ 40 ಅಂಕ ದಂಡ. ಕೂಡುವ ಲೆಕ್ಕ ಬಂದರೆ ಸಾಕು, ಮಕ್ಕಳು ಆಡಬಲ್ಲರು. ಆದರೂ ಯೋಚನೆಗೆ ಬೇಕಾದಷ್ಟು ಎಡೆಯಿದೆ. ಕೈಯಲ್ಲಿ ಎಕ್ಕ, ಎರಡು, ಮೂರು ಸೇರಿ 6 ಉಳಿದಿದ್ದಾಗ ಮಗಳು ಶೋ ಹೇಳದೆ ತಡೆದಳು. ಎರಡೇ ಎಲೆ ಹಿಡಿದಿದ್ದ ಅಜ್ಜಿ ಆಗಷ್ಟೇ ನಾಲ್ಕನ್ನು ಇಳಿಸಿ, ಎಲ್ಲರೂ ನೋಡುತ್ತಿದ್ದಂತೆಯೇ ಎರಡರ ಎಲೆಯೊಂದನ್ನು ಎತ್ತಿಕೊಂಡಿದ್ದರು. ಅವರ ಇನ್ನೊಂದು ಎಲೆ ನಾಲ್ಕಕ್ಕಿಂತ ಚಿಕ್ಕದಾಗಿರಲೇಬೇಕು, ಹಾಗಾದರೆ ಅವರ ಮೊತ್ತ 5ನ್ನು ಮೀರುವುದಿಲ್ಲ ಎಂದು ಅವಳು ತಾನಾಗಿಯೇ ಎಣಿಸಿದ್ದಳು. ರಮ್ಮಿಯಲ್ಲಿ ಈ ಬಗೆಯ ಊಹೆ ಅವಳಿಗೆ ಇನ್ನೂ ದೂರದ ಮಾತು.

ಅದೃಷ್ಟದ ಪಾಲು ಇಲ್ಲಿ ಹೆಚ್ಚೆಂಬುದನ್ನು ಒಪ್ಪುತ್ತೇನೆ, ಏಕೆಂದರೆ ಹಂಚಿದಾಗಲೇ ಎರಡು ಜೋಕರ್ ಬಂದವರನ್ನು ಹಿಡಿಯುವುದು ಕಷ್ಟ. ಮನೆಯಿಂದ ಮನೆಗೆ ನಿಯಮ ಬದಲಾಗುವುದರಿಂದ, ಎಷ್ಟು ಅಂಕದೊಳಗೆ ಶೋ ಹೇಳಬಹುದು, ದಂಡ ಎಷ್ಟು ಎಂಬುದನ್ನು ಎಲೆ ಹಂಚುವ ಮೊದಲೇ ನಿಗದಿ ಮಾಡಿಕೊಳ್ಳಬೇಕು. 100 ದಾಟಿದವರನ್ನು ಹೊರಗಿಡುವ ರೂಢಿಯನ್ನಂತೂ ಕೈಬಿಡುವುದು ಒಳ್ಳೆಯದು: ಹತ್ತು ಬಾರಿ ಹಂಚಿ ಒಟ್ಟು ಕೂಡಿದರೆ ಎಲ್ಲರೂ ಕೊನೆಯವರೆಗೆ ಆಟದಲ್ಲಿರುತ್ತಾರೆ, ಆರು ಜನಕ್ಕಿಂತ ಹೆಚ್ಚಾದರೆ ಎರಡು ಕಟ್ಟುಗಳನ್ನು ಕಲಸಿಕೊಳ್ಳಬಹುದು.