ಹಳೆ ಹಾರ್ಡ್ ಡಿಸ್ಕಿಗೊಂದು ಕೇಸು

ಲ್ಯಾಪ್‌ಟಾಪಿನ ಮದರ್‌ಬೋರ್ಡ್ ಹೋದರೂ ಒಳಗಿನ ಹಾರ್ಡ್ ಡಿಸ್ಕ್ ಚೆನ್ನಾಗಿಯೇ ಇತ್ತು. ತೋಟದ ಲೆಕ್ಕ, ಕಾಫಿ ಮಾರಿದ ಬಿಲ್ಲು, ಅಣ್ಣನ ಮದುವೆ ಫೋಟೋ ಎಲ್ಲ ಅದರಲ್ಲೇ. ಅವನ್ನು ಡೆಸ್ಕ್‌ಟಾಪಿಗೆ ಕಾಪಿ ಮಾಡಿಕೊಳ್ಳಲು ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲಿ ಎರಡೂವರೆ ಇಂಚಿನ ಡಿಸ್ಕ್ ಹಾಕುವ ಯುಎಸ್‌ಬಿ 3.0 ಕೇಸ್ ತಗೊಂಡೆ. ಸ್ಕ್ರೂಡ್ರೈವರ್ ಬೇಕಿಲ್ಲ, ಮುಚ್ಚಳ ಜಾರಿಸಿ ಸಿಕ್ಕಿಸಿದರೆ ಆಯ್ತು. ಕರೆಂಟಿಗೆ ಬೇರೆ ಅಡಾಪ್ಟರೂ ಬೇಡ. ಡೆಸ್ಕ್‌ಟಾಪಿನ ಮೂರೂವರೆ ಇಂಚಿನ ಡಿಸ್ಕಿಗೆ ಮಾತ್ರ ಇದು ಆಗಲ್ಲ, ಅದಕ್ಕೆ 12 ವೋಲ್ಟ್ ಬೇಕು.

ಕೇಬಲನ್ನು ಕಂಪ್ಯೂಟರಿನ ನೀಲಿ ಯುಎಸ್‌ಬಿ ಪೋರ್ಟಿಗೇ ಚುಚ್ಚಿ. ಕಪ್ಪು ಪೋರ್ಟ್ ಸಾಮಾನ್ಯವಾಗಿ ನಿಧಾನದ ಯುಎಸ್‌ಬಿ 2.0, ಕಾದು ಕಾದು ಸಾಕಾಗುತ್ತದೆ. ಸಣ್ಣ ಸಣ್ಣ ಫೈಲು ಸಾವಿರಾರು ಇದ್ದರೆ ಎಲ್ಲಿ ಹಾಕಿದರೂ ನಿಧಾನವೇ, ಅದು ಕೇಸಿನ ತಪ್ಪಲ್ಲ. ಮಳೆಗಾಲದಲ್ಲಿ ನಡುವೆ ಕರೆಂಟ್ ಹೋಗುವುದು ನಮ್ಮಲ್ಲಿ ಮಾಮೂಲು ಅಲ್ವಾ? ಅದಕ್ಕೇ ಸುಮ್ನೆ ಎಳೆದು ಹಾಕದೆ ವಿಂಡೋಸ್‌ನಲ್ಲೇ ಇರುವ, ಫೈಲು ಕಾಪಿ ಮಾಡುವ ರೋಬೋಕಾಪಿ ಕಮಾಂಡ್ ಬಳಸಿದೆ. ಮತ್ತೆ ಓಡಿಸಿದರೆ ಆಗಲೇ ಬಂದ ಫೈಲುಗಳನ್ನು ಬಿಟ್ಟು ಮುಂದೆ ಹೋಗುತ್ತದೆ. ಕನ್ನಡ ಟೈಪಿಂಗಿನ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದ ಹಳೆ ಪತ್ರಗಳು ಮೊದಲು ಏನೇನೋ ಅಕ್ಷರಗಳಾಗಿ ಕಂಡವು. ಆ ಫಾಂಟ್ ಹಾಕಿದ ಮೇಲೆ ಸರಿಯಾಯಿತು.

ಬೇಸರ ಅಂದರೆ ಕೇಬಲ್. ಎರಡು ಗೇಣೂ ಇಲ್ಲ. ಮೇಜಿನ ಕೆಳಗಿರುವ ಸಿಪಿಯುಗೆ ಹಾಕಿದರೆ ಕೇಸು ನೇತಾಡುತ್ತದೆ. ಅಡುಗೆಮನೆಯ ಸ್ಟೂಲ್ ತಂದು ಪಕ್ಕದಲ್ಲಿಟ್ಟುಕೊಂಡಿದ್ದೇನೆ.