ಟ್ರಕ್ಕಿಗೆ ಹಿಚ್ ಹಾಕಿಸಿದವರು ಇವತ್ತೇ ಕೆಳಗೆ ನುಸುಳಿ ಬೋಲ್ಟ್ ನೋಡಿ

"ಗನ್ನಲ್ಲಿ ಹೊಡೆದಿದೀವಿ ಸಾರ್, ಜನ್ಮದಲ್ಲಿ ಬಿಚ್ಚಲ್ಲ." ನನ್ನ ಟ್ರಕ್ಕಿಗೆ ಹಿಚ್, ಅಂದರೆ ಟ್ರೇಲರ್ ಎಳೆಯೋ ಕೊಂಡಿ, ಹಾಕಿಕೊಟ್ಟ ಗ್ಯಾರೇಜಿನವರ ಮಾತಿದು. ಗನ್ ಅಂದರೆ ಬೋಲ್ಟ್ ಬಿಗಿಯೋ ಯಂತ್ರ.

ಟ್ರೇಲರ್ ಎಳೆದದ್ದು ಮೂರೇ ಸಲ. ಬ್ರೇಕ್ ಒತ್ತಿದಾಗೆಲ್ಲ ಹಿಂದಿನಿಂದ ಟಕ್ ಅಂತ ಸದ್ದು. ಕೆಳಗೆ ಮಲಗಿ ಟಾರ್ಚ್ ಬಿಟ್ಟರೆ ಆರು ಬೋಲ್ಟ್‌ಗಳಲ್ಲಿ ಎಡಗಡೆಯ ಎರಡು ಬೆರಳಲ್ಲೇ ತಿರುಗುತ್ತಿವೆ. ಬೆರಳಲ್ಲಿ! ಸ್ಪ್ಯಾನರ್ ಕೂಡ ಬೇಡ. ವಾಷರ್ ಸುತ್ತ ಇಟ್ಟಿಗೆ ಬಣ್ಣದ ನುಣ್ಣನೆ ಪುಡಿ. ಮಳೆನೀರಿನ ತುಕ್ಕು ಪದರವಾಗಿ ಹಿಡಿಯುತ್ತೆ, ಹೀಗೆ ಪುಡಿಯಾಗಿ ಉದುರಲ್ಲ. ಇದು ಲೋಹಕ್ಕೆ ಲೋಹ ಉಜ್ಜಿ ಬಂದದ್ದು, ಅಂದರೆ ಹಿಚ್ ಫ್ರೇಮಿನ ಮೇಲೆ ಜರುಗಾಡುತ್ತಿದೆ.

ಫೋನ್ ಮಾಡಿದರೆ ಮೊದಲ ಉತ್ತರ: "ಭಾರ ಜಾಸ್ತಿ ಹಾಕಿರ್ತೀರ." ಹಾಕಿಲ್ಲ. ಎರಡನೇದು: "ಸ್ಪ್ರಿಂಗ್ ವಾಷರ್ ಇದೆಯಲ್ಲ ಸಾರ್." ಅಡ್ಡ ಅದುರಿಗೆ ಸ್ಪ್ರಿಂಗ್ ವಾಷರ್ ಏನೂ ತಡೆಯಲ್ಲ ಅನ್ನೋದು ಎಷ್ಟೋ ಹಿಂದೆಯೇ ಗೊತ್ತಾಗಿರೋ ಮಾತು. ಮೂರನೇದಕ್ಕೆ ಮೈ ಉರಿದುಹೋಯಿತು: "ತಗೊಂಡು ಬನ್ನಿ, ಇನ್ನೊಂದು ಸಲ ಗನ್ ಹೊಡೆದು ಕೊಡ್ತೀವಿ."

ಇನ್ನೊಂದು ಸಲ ಅದೇ ಗನ್ನು!

ಬಿಚ್ಚಿ ನೋಡಿದಾಗ ಕಂಡದ್ದು ಕೇಳಿ. ಫ್ರೇಮಿಗೂ ಹಿಚ್ಚಿಗೂ ನಡುವೆ ತುಕ್ಕು ಹಿಡಿಯದಿರಲಿ ಅಂತ ಬಳಿದ ಅಂಡರ್‌ಕೋಟ್ ಹಾಗೇ ಇದೆ, ಕೆರೆದೇ ಇಲ್ಲ. ಬೋಲ್ಟ್ ಅಂದರೆ ಗೂಟ ಅಲ್ಲ. ಬಿಗಿದಾಗ ಅದು ಕೂದಲೆಳೆಯಷ್ಟು ಹಿಗ್ಗುತ್ತೆ, ಆ ಎಳೆತವೇ ಎರಡು ಲೋಹವನ್ನೂ ಒತ್ತಿ ಹಿಡಿಯೋದು. ಮಧ್ಯೆ ಮೆತ್ತನೆಯ ಪದರ ಇದ್ದರೆ ಅದು ದಿನೇ ದಿನೇ ಅಪ್ಪಚ್ಚಿಯಾಗುತ್ತೆ, ಹಿಗ್ಗಿದ್ದು ವಾಪಸ್ಸು ಹೋಗುತ್ತೆ, ಹಿಡಿತ ಮುಗಿಯಿತು. ಆಮೇಲೆ ಒಂದೊಂದು ಬ್ರೇಕಿಗೂ ಬೋಲ್ಟಿಗೆ ಅಡ್ಡ ಪೆಟ್ಟು.

ಫ್ರೇಮಿಗೇ ಬೆಸೆದಿರೋ ವೆಲ್ಡ್ ನಟ್‌ಗಳಲ್ಲಿ ತುಕ್ಕು, ಪೇಂಟ್ ತುಂಬಿತ್ತು. ಗನ್ನಿಗೆ ಅದೇ ಬಿಗಿ ಅನಿಸಿದೆ. ಇದರಲ್ಲಿ ಟಾರ್ಕ್, ಅಂದರೆ ತಿರುಚೋ ಬಲ, ಅಳೆದು ಬಿಗಿಯೋ ಟಾರ್ಕ್ ವ್ರೆಂಚ್ ಕೂಡ ಮೋಸ ಹೋಗುತ್ತೆ: ಕ್ಲಿಕ್ ಅನ್ನುತ್ತೆ, ಬೋಲ್ಟ್ ಹಿಗ್ಗಿರೋದೇ ಇಲ್ಲ. ವೈರ್ ಬ್ರಷ್, ತುಕ್ಕು ಬಿಡಿಸೋ ಎಣ್ಣೆ, ಆಮೇಲೆ ನಟ್ಟಿನ ಥ್ರೆಡ್ ಸರಿಮಾಡೋ ಅದೇ ಅಳತೆಯ ಟ್ಯಾಪ್. ಬೋಲ್ಟ್ ಕೈಯಲ್ಲೇ ಕೊನೇವರೆಗೆ ಇಳಿಯಬೇಕು. ಎಣ್ಣೆ ಪೂರ್ತಿ ಒರೆಸಿ ತೆಗೀರಿ. ಎಣ್ಣೆ ಉಳಿದರೆ ಉಲ್ಟಾ ತೊಂದರೆ, ಅದೇ ಟಾರ್ಕಿಗೆ ಬೋಲ್ಟ್ ಮಿತಿಮೀರಿ ಹಿಗ್ಗುತ್ತೆ.

ಹಲ್ಲಿನ ವಾಷರ್ ತಲೆಕೆಳಗು. ಹಲ್ಲು ಹಿಚ್ಚಿನ ಲೋಹಕ್ಕೆ ಕಚ್ಚಬೇಕು, ಇವರು ಬೋಲ್ಟ್ ತಲೆ ಕಡೆ ತಿರುಗಿಸಿದ್ದಾರೆ. ಎಲ್ಲಕ್ಕಿಂತ ಹೊಟ್ಟೆ ಉರಿದದ್ದು ಇದಕ್ಕೆ: ನಾಲ್ಕು ಬೋಲ್ಟ್ ತಲೆ ಮೇಲೆ 10.9, ಎರಡರ ಮೇಲೆ 8.8. ಈ ಅಂಕಿ ಬೋಲ್ಟಿನ ಬಲದ ಗುರುತು, 8.8 ಅಂದರೆ ಕಡಿಮೆ ಬಲದ್ದು. ಹಿಚ್ ಕಿಟ್ಟಿನ ಜೊತೆ ಬಂದದ್ದು ಎಲ್ಲೋ ಬಿದ್ದುಹೋಗಿ, ಡಬ್ಬಿಯಲ್ಲಿ ಕೈಗೆ ಸಿಕ್ಕಿದ್ದು ಹಾಕಿದ್ದಾರೆ. ಎಂ12, ಅಂದರೆ 12 ಮಿಲಿಮೀಟರ್ ದಪ್ಪದ ಬೋಲ್ಟ್ ಆದರೆ 8.8ಕ್ಕೆ ಸುಮಾರು 80 ನ್ಯೂಟನ್ ಮೀಟರ್ ಟಾರ್ಕ್, 10.9ಕ್ಕೆ 115ರ ಆಸುಪಾಸು. ಆದರೆ ಕೊನೆಗೆ ಕಿಟ್ಟಿನ ಹಾಳೆಯಲ್ಲಿ ಬರೆದದ್ದೇ ಲೆಕ್ಕ. ಆ ಹಾಳೆ ಸೀಟಿನ ಹಿಂದೆ ಇತ್ತು. ಕವರ್ ಒಡೆದೇ ಇಲ್ಲ. ಗಾಡಿ ಬಿಡಿಸಿಕೊಳ್ಳುವಾಗ ಅದನ್ನು ನೋಡದೆ ಬಂದೆನಲ್ಲ ಅಂತ ಈಗಲೂ ನಾಚಿಕೆ.

"ಟಾರ್ಕ್ ವ್ರೆಂಚ್ ಇಟ್ಟಿದೀರಾ?"

"ಇತ್ತು ಸಾರ್, ಯಾರೋ ತಗೊಂಡು ಹೋದ್ರು."

ಹಾಕಿಸೋರು ಪಕ್ಕದಲ್ಲೇ ನಿಂತಿರಿ, ಬೇಜಾರಾದರೆ ಅವರಿಗೇ ಆಗಲಿ. ಎಲ್ಲಾ ಬೋಲ್ಟ್ ಮೊದಲು ಕೈಯಲ್ಲಿ, ಹಿಚ್ ಮಧ್ಯಕ್ಕೆ ಕೂರಿಸಿ, ಆಮೇಲೆ ಎಡ ಬಲ ಎಡ ಬಲ ಅಂತ ಸ್ವಲ್ಪ ಸ್ವಲ್ಪವೇ ಬಿಗಿ. ಕೊನೆಯ ಬಿಗಿ ಟಾರ್ಕ್ ವ್ರೆಂಚಲ್ಲೇ. ಒಳಗೆ ನೈಲಾನ್ ಉಂಗುರ ಇರೋ ನಟ್ ಬಿಚ್ಚಿದರೆ ಹೊಸದು ಹಾಕಿಸಿ. ಬೋಲ್ಟ್ ತಲೆಯಿಂದ ಹಿಚ್ಚಿಗೆ ಪೇಂಟಿನ ಒಂದು ಗೆರೆ ಎಳೆದಿಡಿ, ತಿರುಗಿದರೆ ಗೆರೆ ಮುರಿದು ಕಾಣುತ್ತೆ. ಟ್ರೇಲರ್ ಕಟ್ಟಿ 80 ಕಿಲೋಮೀಟರ್ ಓಡಿಸಿದ ಮೇಲೆ ಮತ್ತೆ ಟಾರ್ಕ್ ನೋಡಿ.

ಕೆಂಪು ಪುಡಿ ಕಂಡರೆ ಬರೀ ಬಿಗಿ ಮಾಡಿಕೊಂಡು ಹೊರಡಬೇಡಿ. ಬೋಲ್ಟ್ ಹೊರಗೆ ತೆಗೆದು ಸೊಂಟ ಬಾಗಿದೆಯಾ, ತೂತು ಮೊಟ್ಟೆಯಾಕಾರಕ್ಕೆ ತಿರುಗಿದೆಯಾ ನೋಡಿ. ನನ್ನದರಲ್ಲಿ ಎರಡೂ ಆಗಿತ್ತು. ಬೋಲ್ಟ್ ಹೊಸದು ಸಿಗುತ್ತೆ, ಫ್ರೇಮಿನ ತೂತು?