ಅಡಿಕೆ ವಖಾರಿಯ ಜಾವಾ ಕೆಲಸಕ್ಕೆ ಯಾವ ಐಡಿಇ? ನನ್ನ ಅನುಭವ

ಇಂಟೆಲಿಜೆ ಐಡಿಯಾಗೆ ದುಡ್ಡು ಕೊಡಬೇಕಾ, ಎಕ್ಲಿಪ್ಸ್ ಸಾಕಾ? ಶಿರಸಿಯಲ್ಲಿ ಕೂತು ಸಾಫ್ಟ್‌ವೇರ್ ಮಾಡುವ ನನ್ನನ್ನು ಕಾಲೇಜು ಮುಗಿಸಿದ ಹುಡುಗರು ಕೇಳುವುದು ಇದನ್ನೇ. ಎರಡೂ ಐಡಿಇಗಳು, ಅಂದರೆ ಜಾವಾ ಕೋಡ್ ಬರೆದು, ಓಡಿಸಿ, ತಪ್ಪು ಹುಡುಕುವ ಸಾಫ್ಟ್‌ವೇರ್. ದುಡ್ಡಿನ ಮಾತು ಆಮೇಲೆ. ನಾಳೆ ಈ ಐಡಿಇ ಬಿಡಬೇಕಾಗಿ ಬಂದರೆ ನಿಮ್ಮ ಪ್ರಾಜೆಕ್ಟ್ ನಿಮ್ಮ ಜೊತೆ ಎದ್ದು ಬರುತ್ತದಾ, ಅದನ್ನು ಮೊದಲು ನೋಡಿ. ಆ ಲೆಕ್ಕದಲ್ಲಿ ಪುಕ್ಕಟೆ ಸಿಕ್ಕಿದ್ದೇ ಕೆಲವು ಸಲ ಜಾಸ್ತಿ ಕಟ್ಟಿಹಾಕುತ್ತದೆ.

ನಾವು ಮೂವರು ಸೇರಿ ಅಡಿಕೆ ವಖಾರಿಗಳಿಗೆ, ಸಣ್ಣ ಸೊಸೈಟಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುತ್ತೇವೆ. ಹಳೆಯದು ಸ್ವಿಂಗ್‌ನಲ್ಲಿದೆ, ಅಂದರೆ ಜಾವಾದ ಡೆಸ್ಕ್‌ಟಾಪ್ ಪರದೆಗಳು. ಹೊಸದು ಸ್ಪ್ರಿಂಗ್ ಬೂಟ್ ಎಂಬ ಜಾವಾ ಚೌಕಟ್ಟಿನಲ್ಲಿ, ಹಿಂದೆ ಪೋಸ್ಟ್‌ಗ್ರೆಸ್ ಡೇಟಾಬೇಸ್.

ಹಳೆಯದರಿಂದಲೇ ಶುರು ಮಾಡುತ್ತೇನೆ. ಅದರ ಪರದೆಗಳನ್ನೆಲ್ಲ ನೆಟ್‌ಬೀನ್ಸ್ ಎಂಬ ಇನ್ನೊಂದು ಐಡಿಇಯಲ್ಲಿ ಎಳೆದು ಬಿಟ್ಟು ಜೋಡಿಸಿದ್ದು. ಈ ಕೆಲಸಕ್ಕೆ ಇವತ್ತಿಗೂ ಅದರಷ್ಟು ಸಲೀಸಾದ್ದು ನಾನು ನೋಡಿಲ್ಲ. ರೈತರ ಹೆಸರು, ಚೀಲದ ಸಂಖ್ಯೆ, ತೂಕ, ದರ, ಎಲ್ಲ ಬಾಕ್ಸ್‌ಗಳೂ ಒಂದೇ ಗೆರೆಗೆ ತಾವೇ ಬಂದು ಕೂರುತ್ತವೆ. ಆದರೆ ಪ್ರತಿ ಪರದೆಯ ಜಾವಾ ಫೈಲಿನ ಜೊತೆ ಒಂದು ‘ಫಾರ್ಮ್’ ಫೈಲ್ ಹುಟ್ಟುತ್ತದೆ. ಅದು ನೆಟ್‌ಬೀನ್ಸ್‌ಗೆ ಮಾತ್ರ ಅರ್ಥವಾಗುವ ಎಕ್ಸ್‌ಎಂಎಲ್. ಕೋಡಿನಲ್ಲಿ ಬೂದು ಬಣ್ಣದ ಒಂದು ಭಾಗ ಇರುತ್ತದೆ, ಅದನ್ನು ಕೈಯಿಂದ ಮುಟ್ಟಲು ಬಿಡುವುದಿಲ್ಲ. ಬೇರೆ ಐಡಿಇಯಲ್ಲಿ ತೆರೆದು ಆ ಭಾಗ ತಿದ್ದಿದಿರೋ, ಮುಂದೆ ನೆಟ್‌ಬೀನ್ಸ್‌ನಲ್ಲಿ ಪರದೆ ಬದಲಿಸಿ ಸೇವ್ ಮಾಡಿದಾಗ ನಿಮ್ಮ ತಿದ್ದುಪಡಿ ಮಾಯ. ಓಪನ್ ಸೋರ್ಸ್ ಹೌದು, ಅಪಾಚೆ ಫೌಂಡೇಶನ್ನಿನದು ಹೌದು. ಆದರೂ ಆ ವಖಾರಿಯ ಸಾಫ್ಟ್‌ವೇರ್ ಇರುವವರೆಗೆ ನಮಗೆ ನೆಟ್‌ಬೀನ್ಸ್ ತಪ್ಪಿದ್ದಲ್ಲ.

ಅಂದ ಹಾಗೆ ನೆಟ್‌ಬೀನ್ಸ್ ಹುಟ್ಟಿದ್ದು 1996ರಲ್ಲಿ, ಪ್ರಾಗ್‌ನ ಚಾರ್ಲ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿ. ಇಂಟೆಲಿಜೆ ಮಾಡುವ ಜೆಟ್‌ಬ್ರೇನ್ಸ್ ಶುರುವಾಗಿದ್ದೂ ಅದೇ ಊರಲ್ಲಿ, 2000ದಲ್ಲಿ. ಅಲ್ಲಿನ ನೀರಿನ ಗುಣ ಇರಬೇಕು.

ಎಕ್ಲಿಪ್ಸ್‌ಗೆ ಬರೋಣ. ಐಬಿಎಂ ಇದನ್ನು 2001ರಲ್ಲಿ ಓಪನ್ ಸೋರ್ಸ್ ಮಾಡಿತು, 2004ರಲ್ಲಿ ಬೇರೆ ಫೌಂಡೇಶನ್ ಆಯ್ತು. ನೋಡಲು ಹಳೇ ಕಾಲದ್ದು ಅನಿಸುತ್ತದೆ, ಮೆನುಗಳೊಳಗೆ ಮೆನು. ಆದರೆ ಇದರೊಳಗೆ ಇದರದ್ದೇ ಆದ ಕಂಪೈಲರ್ (ಕೋಡನ್ನು ಮಷೀನ್ ಓಡಿಸುವ ರೂಪಕ್ಕೆ ತರುವ ಪ್ರೋಗ್ರಾಮ್) ಇದೆ, ಅದು ನನಗೆ ಬಲು ಇಷ್ಟ. ಸೇವ್ ಒತ್ತಿದರೆ ಬದಲಾದಷ್ಟು ಭಾಗ ಮಾತ್ರ ಕಂಪೈಲ್ ಆಗುತ್ತದೆ. ಒಂದು ಮೆಥಡ್‌ನಲ್ಲಿ ತಪ್ಪಿದ್ದರೂ ಉಳಿದ ಪ್ರೋಗ್ರಾಮ್ ಓಡಿಸಿ ನೋಡಬಹುದು. ಅರ್ಧ ಬರೆದ ಕೋಡ್ ಇಟ್ಟುಕೊಂಡೇ ಪ್ರಿಂಟ್ ಹೇಗೆ ಬರುತ್ತದೆ ಅಂತ ನೋಡುವಾಗ ಇದು ಎಷ್ಟು ಅನುಕೂಲ ಗೊತ್ತಾ! ಇದರದ್ದೇ ಇನ್ನೊಂದು ಮುಖವೂ ಇದೆ. ಕಂಪೈಲರ್ ಬೇರೆಯಾದ್ದರಿಂದ ಜನರಿಕ್ಸ್ (ಯಾವ ಬಗೆಯ ಡೇಟಾಕ್ಕೂ ಹೊಂದುವ ಹಾಗೆ ಬರೆದ ಕೋಡ್) ಜಟಿಲವಾದಲ್ಲಿ ಎಕ್ಲಿಪ್ಸ್ ಒಪ್ಪಿದ್ದನ್ನು, ಜಾವಾದ ಮಾಮೂಲಿ ಕಂಪೈಲರ್ ಬಳಸಿ ಪ್ರಾಜೆಕ್ಟ್ ಕಟ್ಟುವ ಮೇವನ್ ಒಪ್ಪದೇ ಇರುವುದುಂಟು.

ಕನ್ನಡದಲ್ಲಿ ರಸೀದಿ ಮಾಡುವವರು ಒಂದು ವಿಷಯ ನೋಡಿಕೊಳ್ಳಿ. ನಮ್ಮ ಕೋಡಿನಲ್ಲಿ ಅಡಿಕೆಯ ನಮೂನೆಗಳ ಒಂದು ಇನಮ್ (ಗೊತ್ತುಪಡಿಸಿದ ಹೆಸರುಗಳ ಪಟ್ಟಿ) ಇದೆ: ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು, ಬಿಳೆಗೋಟು. ಹೆಸರುಗಳನ್ನು ಕನ್ನಡ ಅಕ್ಷರದಲ್ಲೇ ಇಟ್ಟಿದ್ದೇವೆ, ಜಾವಾ ಬೇಡ ಅನ್ನುವುದಿಲ್ಲ. ವಿಂಡೋಸ್‌ನಲ್ಲಿ ಮಾಡಿದ ಹಳೆಯ ಎಕ್ಲಿಪ್ಸ್ ವರ್ಕ್‌ಸ್ಪೇಸ್‌ನ ಎನ್‌ಕೋಡಿಂಗ್, ಅಂದರೆ ಅಕ್ಷರಗಳನ್ನು ಫೈಲಿನಲ್ಲಿ ಕೂರಿಸುವ ಪದ್ಧತಿ, ಸಾಮಾನ್ಯವಾಗಿ ಸಿಪಿ 1252 ಇರುತ್ತದೆ. ಅದರಲ್ಲಿ ಕನ್ನಡ ಬರೆದು ಸೇವ್ ಮಾಡಿದರೆ, ಕೆಲವು ಅಕ್ಷರ ಈ ಎನ್‌ಕೋಡಿಂಗ್‌ನಲ್ಲಿ ಕೂರುವುದಿಲ್ಲ ಅಂತ ತಕರಾರು ತೆಗೆಯುತ್ತದೆ. 2022ರ ಜೂನ್ ಆವೃತ್ತಿಯಿಂದ ಹೊಸ ವರ್ಕ್‌ಸ್ಪೇಸ್‌ಗಳು ಕನ್ನಡವೂ ಕೂರುವ ಯುಟಿಎಫ್-8ರಲ್ಲೇ ಶುರುವಾಗುತ್ತವೆ. ಹಳೆಯದನ್ನು ಪ್ರಿಫರೆನ್ಸಸ್‌ಗೆ ಹೋಗಿ ನೀವೇ ಬದಲಿಸಬೇಕು.

ಈಗ ಇಂಟೆಲಿಜೆ. ನನ್ನ ಮಷೀನ್‌ನಲ್ಲಿ ಇರುವುದು ಇದು, ದುಡ್ಡು ಕೊಟ್ಟು ತಗೊಂಡದ್ದು. ವಖಾರಿ ಯಜಮಾನರೊಬ್ಬರಿಗೆ ಖರ್ಚಿನ ಪಟ್ಟಿ ತೋರಿಸಿದಾಗ ಅವರು ಕೇಳಿದ್ದು ಒಂದೇ: “ಪುಕ್ಕಟೆದ್ರಲ್ಲಿ ಆಗ್ತಿಲ್ಯಾ ತಮಾ?” ಆಗುತ್ತದೆ. ಬರೀ ಜಾವಾ ಬರೆಯುವವರಿಗೆ ಖಂಡಿತ ಆಗುತ್ತದೆ. ನಾನು ಕೊಟ್ಟಿದ್ದು ಒಂದೇ ಕಾರಣಕ್ಕೆ. ಡೇಟಾಬೇಸ್ ಜೋಡಿಸಿಟ್ಟರೆ, ಜಾವಾ ಕೋಡಿನ ಉದ್ಧರಣ ಚಿಹ್ನೆಯೊಳಗೆ ಬರೆದ ಎಸ್‌ಕ್ಯೂಎಲ್ (ಡೇಟಾಬೇಸ್ ಜೊತೆ ಮಾತಾಡುವ ಭಾಷೆ) ಕೂಡ ಅದಕ್ಕೆ ಗೊತ್ತಾಗುತ್ತದೆ. ದರದ ಕಾಲಂ ಹೆಸರಿನಲ್ಲಿ ಒಂದಕ್ಷರ ಹೆಚ್ಚುಕಮ್ಮಿಯಾದರೆ ಅಲ್ಲೇ ಗೆರೆ ಎಳೆದು ತೋರಿಸುತ್ತದೆ. ಇಲ್ಲದಿದ್ದರೆ ಆ ತಪ್ಪು ಗೊತ್ತಾಗುವುದು ಪ್ರೋಗ್ರಾಮ್ ಓಡಿಸಿದ ಮೇಲೆ, ಅದೂ ಆ ಪರದೆಗೆ ಯಾರಾದರೂ ಹೋದಾಗ. ನಮ್ಮ ಕೆಲಸದಲ್ಲಿ ಅರ್ಧಕ್ಕರ್ಧ ಎಸ್‌ಕ್ಯೂಎಲ್ಲೇ, ಹಾಗಾಗಿ ನನಗೆ ಇದು ಗಿಟ್ಟುತ್ತದೆ.

ಇನ್ನೊಂದು ಲಾಭ ನಮ್ಮ ಮಳೆಗಾಲಕ್ಕೆ ಹೇಳಿ ಮಾಡಿಸಿದ್ದು. ಇಂಟೆಲಿಜೆ ಬರೆದದ್ದನ್ನು ತಾನೇ ಸೇವ್ ಮಾಡುತ್ತಾ ಹೋಗುತ್ತದೆ. ಯುಪಿಎಸ್ ಬ್ಯಾಟರಿ ಸತ್ತ ಡೆಸ್ಕ್‌ಟಾಪ್‌ನಲ್ಲಿ ಜುಲೈ ತಿಂಗಳು ಕೆಲಸ ಮಾಡಿದವರಿಗೆ ಇದರ ಬೆಲೆ ಗೊತ್ತು. ಎಕ್ಲಿಪ್ಸ್‌ನಲ್ಲೂ ಈ ಸೌಲಭ್ಯ ಇದೆ, ಆದರೆ ಸೆಟಿಂಗ್ಸ್‌ಗೆ ಹೋಗಿ ಆನ್ ಮಾಡಿಕೊಳ್ಳಬೇಕು.

ಭಾರ ಮಾತ್ರ ಜಾಸ್ತಿ. ದೊಡ್ಡ ಪ್ರಾಜೆಕ್ಟ್ ಮೊದಲ ಸಲ ತೆರೆದಾಗ ಇಂಡೆಕ್ಸಿಂಗ್ ಅಂತ ಕೂತುಬಿಡುತ್ತದೆ, ಒಂದು ಕಷಾಯ ಕುಡಿದು ಬರಬಹುದು. 8 ಜಿಬಿ ಲ್ಯಾಪ್‌ಟಾಪ್‌ನಲ್ಲಿ ಪೋಸ್ಟ್‌ಗ್ರೆಸ್, ಬ್ರೌಸರ್ ಎಲ್ಲ ಜೊತೆಗೆ ತೆರೆದಿಟ್ಟರೆ ಉಸಿರು ಕಟ್ಟುತ್ತದೆ. ನಮ್ಮ ಹುಡುಗರಿಬ್ಬರೂ ಅದಕ್ಕೇ ಎಕ್ಲಿಪ್ಸ್ ಇಟ್ಟುಕೊಂಡಿದ್ದಾರೆ. ಜೊತೆಗೆ ಸ್ಪ್ರಿಂಗ್ ಟೂಲ್ಸ್, ಟೇಬಲ್ ನೋಡಲು ಡಿಬೀವರ್. ಎಲ್ಲ ಪುಕ್ಕಟೆ. ಡಿಬೀವರ್ ಕಟ್ಟಿರುವುದೂ ಎಕ್ಲಿಪ್ಸ್ ಮೇಲೇ. ವಿಎಸ್ ಕೋಡ್ ಎಡಿಟರ್‌ನಲ್ಲಿ ಜಾವಾ ಬರೆಯುವ ಹೆಚ್ಚಿನವರ ಹಿಂದೆ ಕೆಲಸ ಮಾಡುವುದೂ ಎಕ್ಲಿಪ್ಸ್‌ನ ಎಂಜಿನ್ನೇ.

ಮೂವರ ಐಡಿಇ ಒಂದೇ ಅಲ್ಲ, ಆದರೂ ಜಗಳ ಇಲ್ಲ. ಯಾಕೆಂದರೆ ಹೊಸ ಪ್ರಾಜೆಕ್ಟ್ ಪೂರ್ತಿ ಮೇವನ್‌ನಲ್ಲಿದೆ. ಅದರ ಪಾಮ್ ಫೈಲ್ (ಪ್ರಾಜೆಕ್ಟ್ ವಿವರ ಇರುವ ಫೈಲ್) ತೆರೆದರೆ ಎಲ್ಲದರಲ್ಲೂ ಬರುತ್ತದೆ. ಐಡಿಇಯ ಸ್ವಂತ ಸೆಟಿಂಗ್ ಫೈಲುಗಳನ್ನು ಮೂವರೂ ಕೋಡ್ ಹಂಚಿಕೊಳ್ಳುವ ಗಿಟ್‌ಗೆ ಹಾಕುವುದಿಲ್ಲ. ದುಡ್ಡು ಕೊಟ್ಟದ್ದರ ಬಗ್ಗೆ ಇರುವ ಹೆದರಿಕೆಯೂ ಪೂರ್ತಿ ಸರಿಯಲ್ಲ. ವರ್ಷದ ಚಂದಾ ಕಟ್ಟಿದರೆ, ಆಮೇಲೆ ನಿಲ್ಲಿಸಿದರೂ ಚಂದಾ ಶುರುವಾದಾಗ ಇದ್ದ ಆವೃತ್ತಿ ಕಾಯಂ ನಿಮ್ಮದೇ. ಹೊಸದು ಸಿಗುವುದಿಲ್ಲ, ಅಷ್ಟೇ.

ನಿಜವಾಗಿ ಹುಷಾರಾಗಿರಬೇಕಾದ್ದು ಜೆಡಿಕೆ (ಜಾವಾ ಬರೆಯಲು, ಓಡಿಸಲು ಬೇಕಾದ ಮೂಲ ಸಾಫ್ಟ್‌ವೇರ್) ಲೈಸೆನ್ಸ್ ವಿಷಯದಲ್ಲಿ. 2023ರಿಂದ ಒರಾಕಲ್ ಜಾವಾ ಚಂದಾದ ಲೆಕ್ಕ ಕಂಪನಿಯ ಒಟ್ಟು ನೌಕರರ ತಲೆ ಎಣಿಕೆ ಮೇಲೆ. ಅಂದರೆ ವಖಾರಿಯಲ್ಲಿ ಚೀಲ ಹೊರುವವರನ್ನೂ ಎಣಿಸಬೇಕು! ನಾವು ಗಿರಾಕಿಗಳ ಮಷೀನ್‌ಗೆ ಹಾಕುವುದು ಟೆಮುರಿನ್ ಎಂಬ ಓಪನ್ ಸೋರ್ಸ್ ಜೆಡಿಕೆ, ಅದಕ್ಕೆ ಯಾರಿಗೂ ಏನೂ ಕೊಡಬೇಕಿಲ್ಲ.

ಓದುತ್ತಿರುವವರಿಗೆ ಇಂಟೆಲಿಜೆ ಪೂರ್ತಿ ಆವೃತ್ತಿ ಪುಕ್ಕಟೆ, ಕಾಲೇಜಿನ ಇಮೇಲ್ ಇದ್ದರೆ ಸಾಕು. ಆದರೆ ಆ ಲೈಸೆನ್ಸ್‌ನಲ್ಲಿ ಗಿರಾಕಿಗಳ ಕೆಲಸ ಮಾಡುವ ಹಾಗಿಲ್ಲ. ಕೆಲಸಕ್ಕೆ ಸೇರಿದವರು 2025.3 ಅಥವಾ ಅದಕ್ಕಿಂತ ಹೊಸ ಆವೃತ್ತಿ ಹಾಕಿ ನೋಡಿ. ಮೊದಲಿನ ಪುಕ್ಕಟೆ ಕಮ್ಯುನಿಟಿ, ದುಡ್ಡಿನ ಅಲ್ಟಿಮೇಟ್ ಎರಡೂ ಈಗ ಒಂದೇ ಡೌನ್‌ಲೋಡ್. ಟ್ರಯಲ್ 30 ದಿನ. ಅದು ಮುಗಿದ ಮೇಲೂ ಪುಕ್ಕಟೆ ಭಾಗ ನಡೆಯುತ್ತದೆ. ಎಸ್‌ಕ್ಯೂಎಲ್ ಕೆಳಗಿನ ಆ ಗೆರೆ ಇಲ್ಲದೆ ಕೈ ಕಟ್ಟಿದ ಹಾಗಾದರೆ ಆಗ ಕಾರ್ಡ್ ತೆಗೆಯಿರಿ.